ಬೋಟಿನ ಬೆಂಕಿ ಮೈಮೇಲೆ ಉಳಿಸಿದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆ ಬಂದರಿನಲ್ಲಿ ನಮ್ಮ ಹಾವೇರಿ, ಗದಗ, ಕೊಪ್ಪಳ ಕಡೆಯ ಹುಡುಗರು ಬಹಳ ಮಂದಿ ದುಡಿಯುತ್ತಾರೆ. ನಾನೂ ನಾಲ್ಕು ವರ್ಷ ದುಡಿದೆ. 2015ರ ಜನವರಿಯಲ್ಲಿ ಒಂದು ಬೆಳಗಿನ ಜಾವ ನಮ್ಮ ಬೋಟಿಗೆ ಬೆಂಕಿ ಬಿದ್ದು ನನ್ನ ಮುಖದ ಬಲಭಾಗ, ಕತ್ತು, ಎದೆ, ಎರಡೂ ಕೈ ಸುಟ್ಟವು. ಈಗ ರಾಣೆಬೆನ್ನೂರಿನ ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ.

ಹುಬ್ಬಳ್ಳಿಗೆ ತಪಾಸಣೆಗೆ ಹೋದಾಗಲೆಲ್ಲ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತವರು ನನ್ನ ಕೈ ನೋಡಿ ಮಾತಿಗಿಳಿಯುತ್ತಾರೆ. ಆಮೇಲೆ ಕೆಲವರು ಪತ್ರ ಬರೆಯುತ್ತಾರೆ, ಫೋನ್ ಮಾಡುತ್ತಾರೆ. ಅವರಲ್ಲಿ ಬೋಟಿನವರು ಕಡಿಮೆ; ಗ್ಯಾಸ್ ಸಿಲಿಂಡರು, ಸೀಮೆಎಣ್ಣೆ ಸ್ಟೋವು, ಹೊಲದ ಬದುವಿಗೆ ಹಚ್ಚಿದ ಬೆಂಕಿಗೆ ಸಿಕ್ಕವರೇ ಹೆಚ್ಚು. ಬೆಂಕಿ ಎಲ್ಲಿಯದಾದರೂ ಸುಟ್ಟ ಚರ್ಮ ನಡೆದುಕೊಳ್ಳುವ ರೀತಿ ಒಂದೇ. ಹನ್ನೊಂದು ವರ್ಷಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಆದಷ್ಟೂ ಕೇಳಿದವರ ಮಾತಿನಲ್ಲೇ, ಇಲ್ಲಿ ಇಟ್ಟಿದ್ದೇನೆ. ನಾನು ವೈದ್ಯನಲ್ಲ. ಔಷಧದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು.

## ಮೊದಲು ಕೇಳುವವು

ಸುತ್ತ ನೀರೇ ಇರುವಾಗ ಬೋಟಿಗೆ ಬೆಂಕಿ ಹೇಗೆ ಬೀಳುತ್ತದೆ?

ಅಡುಗೆಯ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದಾಗ ನೆಲದ ಮಟ್ಟದಲ್ಲೇ ಹೊರಗೆ ಹರಿದು ಹೋಗಬಹುದು. ಬೋಟಿನಲ್ಲಿ ಅದಕ್ಕೆ ದಾರಿಯಿಲ್ಲ. ಬೋಟು ಒಂದು ಬೋಗುಣಿ ಇದ್ದ ಹಾಗೆ. ಸೋರಿದ್ದೆಲ್ಲ ತಳಕ್ಕಿಳಿದು ಎಂಜಿನ್ ಇರುವ ಕಡೆಗೇ ತುಂಬಿಕೊಳ್ಳುತ್ತದೆ. ನಮ್ಮ ಬೋಟಿನಲ್ಲಿ ಒಲೆಯ ರಬ್ಬರ್ ಕೊಳವೆ ಉಪ್ಪುಗಾಳಿಗೆ ಬಿರಿದಿತ್ತು. ರಾತ್ರಿಯಿಡೀ ಸೋರಿದೆ. ಡೀಸೆಲ್ ವಾಸನೆ, ಮೀನಿನ ವಾಸನೆಗಳ ನಡುವೆ ಗ್ಯಾಸಿನ ವಾಸನೆ ಯಾರ ಮೂಗಿಗೂ ಬೀಳಲಿಲ್ಲ. ನಸುಕಿನಲ್ಲಿ ಎಂಜಿನ್ ಚಾಲೂ ಮಾಡಿದ ಕ್ಷಣ ಕೆಳಗಿನಿಂದ ಒಂದು ನೀಲಿ ಹಾಳೆ ಎದ್ದು ಬಂತು. ಸದ್ದು ದೊಡ್ಡದೇನೂ ಇರಲಿಲ್ಲ, ಒಣಗಿದ ಸೀರೆಯನ್ನು ಜೋರಾಗಿ ಕೊಡವಿದ ಹಾಗೆ ಕೇಳಿಸಿತು.

ನಾನು ಪಾಲಿಯೆಸ್ಟರ್ ಟೀ ಶರ್ಟ್ ಹಾಕಿದ್ದೆ. ಅದು ಉರಿಯುವ ಬದಲು ಕರಗಿ ಎದೆಗೆ ಅಂಟಿಕೊಂಡಿತು. ಪಕ್ಕದಲ್ಲಿ ಹತ್ತಿಯ ಅಂಗಿ ತೊಟ್ಟಿದ್ದವನಿಗೆ ಎದೆಯ ಮೇಲೆ ಬರೀ ಬೊಬ್ಬೆ ಬಂದವು. ಒಲೆಯ ಹತ್ತಿರ, ಎಂಜಿನ್ ಹತ್ತಿರ ಕೆಲಸ ಮಾಡುವವರು ಹತ್ತಿ ಬಟ್ಟೆ ಹಾಕಿ ಎಂದು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ಬೋಟು ನಡೆಸುವ ತಾಂಡೇಲರು ಬಕೆಟ್‌ಗಟ್ಟಲೆ ಸಮುದ್ರದ ನೀರು ಸುರಿದರು. ಸುಟ್ಟ ಕೂಡಲೇ ಹರಿಯುವ ತಣ್ಣನೆಯ ಶುದ್ಧ ನೀರಿನ ಕೆಳಗೆ 20 ನಿಮಿಷ ಹಿಡಿಯುವುದು ಸರಿಯಾದ ಕ್ರಮ. ನಡುಗಡಲಿನಲ್ಲಿ ಕೈಗೆ ಸಿಕ್ಕಿದ್ದು ಆ ನೀರೊಂದೇ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಎಣ್ಣೆ ಯಾವುದನ್ನೂ ಹಸಿ ಗಾಯಕ್ಕೆ ಹಚ್ಚಬಾರದು. ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯುವಾಗ ಪಡುವ ನೋವು ಬೇರೆಯೇ.

ಕಾಗದದಲ್ಲಿ ಶೇಕಡಾ 24 ಅಂತ ಬರೆದಿದ್ದಾರೆ. ಏನದು?

ಮೈಯ ಒಟ್ಟು ಚರ್ಮದಲ್ಲಿ ಎಷ್ಟು ಪಾಲು ಸುಟ್ಟಿದೆ ಎಂಬ ಲೆಕ್ಕ. ವಯಸ್ಕರಲ್ಲಿ ಒಂದು ಪೂರ್ತಿ ತೋಳು 9, ಒಂದು ಕಾಲು 18, ತಲೆ ಮತ್ತು ಕತ್ತು ಸೇರಿ 9, ಎದೆ ಹೊಟ್ಟೆ ಸೇರಿ 18, ಬೆನ್ನು 18 ಎಂದು ಹಿಡಿಯುತ್ತಾರೆ. ಬೆರಳೂ ಸೇರಿದಂತೆ ರೋಗಿಯ ಒಂದು ಅಂಗೈ ಸುಮಾರು 1. ಈ ಸಂಖ್ಯೆ ಮೊದಲ ವಾರಗಳಲ್ಲಿ ಜೀವದ ಅಪಾಯ ಎಷ್ಟೆಂದು ತಿಳಿಯಲು ಬೇಕು. ಮುಂದಿನ ಬದುಕಿಗೆ ಎಷ್ಟು ಸುಟ್ಟಿದೆ ಎನ್ನುವುದಕ್ಕಿಂತ ಎಷ್ಟು ಆಳ, ಯಾವ ಜಾಗ ಎನ್ನುವುದೇ ಮುಖ್ಯ. ಬೆನ್ನಿನ ಮೇಲಿನ 10ಕ್ಕಿಂತ ಬೆರಳಿನ ಸಂದಿಯ 1 ಹೆಚ್ಚು ಕಾಡುತ್ತದೆ.

ಗಾಯ ಮಾಯಿತು, ಡಿಸ್ಚಾರ್ಜ್ ಆಯಿತು. ಇನ್ನೇನು ಚಿಂತೆ?

ನನ್ನನ್ನು 47ನೇ ದಿನ ಮನೆಗೆ ಕಳಿಸಿದರು. ಅವ್ವ ದೃಷ್ಟಿ ತೆಗೆದಳು, ಓಣಿಯವರೆಲ್ಲ ಬಂದು ನೋಡಿ ಹೋದರು. ಎಲ್ಲರೂ ಮುಗಿಯಿತು ಎಂದುಕೊಂಡೆವು. ಆಗ ನನ್ನ ಕತ್ತು ಎರಡೂ ಕಡೆ ಸಲೀಸಾಗಿ ತಿರುಗುತ್ತಿತ್ತು, ಕಲೆ ಚಪ್ಪಟೆಯಾಗಿತ್ತು. ಮೂರು ತಿಂಗಳಿಗೆ ಅದೇ ಕಲೆ ಕೆಂಪಾಗಿ, ಹಗ್ಗದಂತೆ ಉಬ್ಬಿ, ಗದ್ದವನ್ನು ಎದೆಯ ಕಡೆಗೆ ಜಗ್ಗತೊಡಗಿತು.

ಹೀಗಾಗುವುದು ಯಾರ ತಪ್ಪೂ ಅಲ್ಲ. ಆಳವಾಗಿ ಸುಟ್ಟ ಗಾಯ ಮೇಲೆ ಮುಚ್ಚಿಕೊಂಡ ಮೇಲೂ ಒಳಗೆ ಕೆಲಸ ನಿಲ್ಲಿಸುವುದಿಲ್ಲ. ಮೊದಲ ಒಂದರಿಂದ ಮೂರು ತಿಂಗಳಲ್ಲಿ ಕಲೆ ದಪ್ಪಗಾಗಲು ಶುರುವಾಗುತ್ತದೆ; ಅದು ಹಣ್ಣಾಗಿ, ಮೆತ್ತಗಾಗಿ, ಬಣ್ಣ ಇಳಿಯಲು ಒಂದೂವರೆಯಿಂದ ಎರಡು ವರ್ಷ ಬೇಕು. ಅಷ್ಟು ದಿನವೂ ಅದು ಕುಗ್ಗುತ್ತಲೇ ಇರುತ್ತದೆ, ಕುಗ್ಗುವಾಗ ಹತ್ತಿರದ ಕೀಲನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಈ ಎರಡು ವರ್ಷ ನೀವು ದಿನಾಲೂ ಅದರ ಎದುರು ದಿಕ್ಕಿಗೆ ಜಗ್ಗಿದರೆ ಕೈ ಕೈಯಾಗಿ ಉಳಿಯುತ್ತದೆ. ಡಿಸ್ಚಾರ್ಜ್ ಕಾಗದ ಕೈಗೆ ಬಂದ ದಿನವೇ ನಿಮ್ಮ ಕೆಲಸದ ಮೊದಲ ದಿನ. ಈ ಒಂದು ಮಾತನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಈ ಬರಹ ಬರೆಯಲು ಅದೇ ಕಾರಣ.

ಬದನೆಕಾಯಿ, ಮೊಟ್ಟೆ, ಶೇಂಗಾ ತಿಂದರೆ ನಂಜಾಗುತ್ತದೆ ಅನ್ನುತ್ತಾರೆ. ಕೊಡಬೇಕೋ ಬೇಡವೋ?

ಕೊಡಿ. ನನ್ನ ಪಕ್ಕದ ಹಾಸಿಗೆಯ ಹುಡುಗನಿಗೆ ಮನೆಯವರು ನಂಜಿನ ಭಯದಿಂದ ಬರೀ ಗಂಜಿ ಕುಡಿಸುತ್ತಿದ್ದರು. ಅವನ ಗಾಯ ಮಾಯಲೇ ಇಲ್ಲ, ಮೈಯ ಬೇರೆ ಕಡೆಯಿಂದ ತೆಗೆದು ಕಸಿ ಮಾಡಿದ ಚರ್ಮವೂ ಹಿಡಿಯಲಿಲ್ಲ. ಸುಟ್ಟ ಮೈ ಒಲೆಯಂತೆ ಉರಿಯುತ್ತಿರುತ್ತದೆ. ಮಲಗಿದ್ದರೂ ಅದಕ್ಕೆ ಮಾಮೂಲಿಗಿಂತ ಹೆಚ್ಚು ಆಹಾರ ಬೇಕು, ಅದರಲ್ಲೂ ಹೊಸ ಚರ್ಮ ಕಟ್ಟಲು ಪ್ರೋಟೀನ್ ಬೇಕು. ದೊಡ್ಡ ಸುಟ್ಟಗಾಯಗಳಲ್ಲಿ ಈ ಹಸಿವು ಒಂದೆರಡು ವರ್ಷವೂ ಉಳಿಯುತ್ತದೆ. ಮೊಟ್ಟೆ, ಹಾಲು, ಮೊಸರು, ಮಡಕೆಕಾಳು, ಹೆಸರು, ಜುಣಕ, ಶೇಂಗಾ ಚಟ್ನಿ, ತಿನ್ನುವವರಾದರೆ ಮೀನು, ಮಾಂಸ, ಎಲ್ಲವೂ ಒಳ್ಳೆಯದು. ಯಾವುದಾದರೂ ಪದಾರ್ಥ ತಿಂದಾಗ ನಿಮಗೆ ಮೊದಲಿನಿಂದಲೂ ಮೈ ದದ್ದು ಏಳುತ್ತಿದ್ದರೆ ಅದೊಂದನ್ನು ಬಿಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಪ್ರಮಾಣ ಗೊತ್ತು ಮಾಡಿಕೊಳ್ಳಬೇಕು.

## ಚರ್ಮದ ಕಾಟ

ತುರಿಕೆ ತಡೆಯಲಾಗುತ್ತಿಲ್ಲ, ರಾತ್ರಿ ನಿದ್ದೆಯಿಲ್ಲ. ಗಾಯ ಮಾಗುತ್ತಿದೆ ಎನ್ನುವ ಲಕ್ಷಣವೇ ಇದು?

ಒಂದು ಮಟ್ಟಿಗೆ ಹೌದು. ಆದರೆ ಮಾಗುವ ಲಕ್ಷಣ ಎಂದು ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ. ಬೆಂಕಿಯ ನೋವಿಗಿಂತ ನನ್ನನ್ನು ಹೆಚ್ಚು ಅಳಿಸಿದ್ದು ತುರಿಕೆ. ನಡುರಾತ್ರಿ ಎದ್ದು ಗೋಡೆಗೆ ಮುಂಗೈ ಉಜ್ಜಿ ಕಸಿ ಮಾಡಿದ ಚರ್ಮವನ್ನೇ ಹರಿದುಕೊಂಡಿದ್ದೇನೆ, ಬೆಳಿಗ್ಗೆ ಸುಣ್ಣದ ಮೇಲೆ ರಕ್ತದ ಗೆರೆ ಕಂಡು ಅವ್ವ ಗಾಬರಿಯಾಗಿದ್ದಳು.

ಕಾರಣ ಹಲವು. ನರಗಳು ಹೊಸದಾಗಿ ಚಿಗುರುತ್ತಿರುತ್ತವೆ. ಚರ್ಮಕ್ಕೆ ಎಣ್ಣೆ ಒದಗಿಸುವ ಗ್ರಂಥಿಗಳು ಸುಟ್ಟು ಹೋಗಿರುವುದರಿಂದ ಅದು ಬೇಸಿಗೆಯ ಎರೆಹೊಲದಂತೆ ಬಿರಿಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ವಾಸನೆಯಿಲ್ಲದ ತೇವದ ಕ್ರೀಮ್ ಹಚ್ಚಿ ಬೆರಳಿನಿಂದ ಗೋಲಾಕಾರವಾಗಿ ಒತ್ತಿ ತಿಕ್ಕಬೇಕು. ದುಡ್ಡು ಸಾಲದಿದ್ದಾಗ ನಾನು ಶುದ್ಧ ಕೊಬ್ಬರಿ ಎಣ್ಣೆಯಲ್ಲೇ ತಿಂಗಳುಗಟ್ಟಲೆ ಕಳೆದಿದ್ದೇನೆ, ತೊಂದರೆಯಾಗಲಿಲ್ಲ. ಗಾಯ ಪೂರ್ತಿ ಮುಚ್ಚಿರಬೇಕು ಅಷ್ಟೆ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಮೈಗೆ ಹತ್ತಿ ಬಟ್ಟೆ. ತುರಿಕೆ ಬಂದಾಗ ಕೆರೆಯುವ ಬದಲು ಅಂಗೈಯಿಂದ ತಟ್ಟಿ, ಇಲ್ಲವೇ ಒದ್ದೆ ಬಟ್ಟೆ ಇಡಿ. ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರ ಬಳಿ ಮಾತ್ರೆಗಳಿವೆ. ಅಲರ್ಜಿಯ ಮಾತ್ರೆ ಸಾಲದವರಿಗೆ ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಕೊಡುವುದುಂಟು. ನನಗೆ ನಿದ್ದೆ ಮರಳಿ ಬಂದದ್ದು ಅದರಿಂದಲೇ. ತುರಿಕೆಯನ್ನು ಸಣ್ಣ ವಿಷಯ ಎಂದುಕೊಂಡು ವೈದ್ಯರ ಮುಂದೆ ಹೇಳದೆ ಬರುವವರು ಬಹಳ, ಹಾಗೆ ಮಾಡಬೇಡಿ.

ಆ ಬಿಗಿ ಅಂಗಿಯನ್ನು ನಮ್ಮ ಬಿಸಿಲಿನಲ್ಲಿ ಹಾಕಿಕೊಳ್ಳಲು ಸಾಧ್ಯವೇ?

ಕಷ್ಟ, ಆದರೂ ಹಾಕಬೇಕು. ಪ್ರೆಷರ್ ಗಾರ್ಮೆಂಟ್ ಎಂಬ ಈ ಉಡುಪನ್ನು ಅಳತೆ ತೆಗೆದು ಹೊಲಿಸುತ್ತಾರೆ. ಸ್ನಾನ ಮತ್ತು ಎಣ್ಣೆ ತಿಕ್ಕುವ ಹೊತ್ತು ಬಿಟ್ಟು ದಿನಕ್ಕೆ 23 ತಾಸು, ಕಲೆ ಹಣ್ಣಾಗುವವರೆಗೆ, ಅಂದರೆ ಒಂದು ವರ್ಷಕ್ಕೂ ಮೇಲೆ ಇರಬೇಕು ಎನ್ನುತ್ತಾರೆ. ಅದರ ಒತ್ತಡ ಕಲೆ ಉಬ್ಬುವುದನ್ನು ಹಿಡಿದಿಡುತ್ತದೆ.

ಏಪ್ರಿಲ್‌ನಲ್ಲಿ ಸೆಕೆ ತಾಳಲಾರದೆ ನಾನು ಕತ್ತಿನ ಪಟ್ಟಿಯನ್ನು ಬಿಚ್ಚಿಟ್ಟೆ. ಯುಗಾದಿಯಿಂದ ಬಸವ ಜಯಂತಿಯವರೆಗೆ, ಒಂದು ತಿಂಗಳು. ಕೈಯ ಉಡುಪನ್ನು ಮಾತ್ರ ಬಿಟ್ಟಿರಲಿಲ್ಲ. ಈಗ ನನ್ನ ಮುಂಗೈಯ ಕಲೆ ಸಪಾಟಾಗಿದೆ, ಕತ್ತಿನದು ಬೆರಳಿನ ದಪ್ಪ ಇದೆ. ಆ ಒಂದು ತಿಂಗಳನ್ನು ನೆನೆದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡು ಜೊತೆ ಹೊಲಿಸಿ. ಒಂದು ಒಗೆದು ನೆರಳಲ್ಲಿ ಒಣಗುವಾಗ ಇನ್ನೊಂದು ಮೈಮೇಲಿರಲಿ. ಸುಮಾರು ಮೂರು ತಿಂಗಳಿಗೆ ಅದರ ಬಿಗಿ ಸಡಿಲವಾಗುತ್ತದೆ, ಮತ್ತೆ ಅಳತೆ ಕೊಡಬೇಕು. ಬೆರಳ ತುದಿ ನೀಲಿಯಾದರೆ, ಜೋಮು ಹಿಡಿದರೆ ಬಿಗಿ ಹೆಚ್ಚಾಯಿತೆಂದು ಅರ್ಥ, ತಕ್ಷಣ ತೋರಿಸಿ. ಮುಖ, ಕತ್ತಿನಂಥ ಜಾಗಕ್ಕೆ ಸಿಲಿಕೋನ್ ಜೆಲ್ ಹಾಳೆ ಅಂಟಿಸಿಕೊಳ್ಳುವುದೂ ಇದೆ. ತೊಳೆದು ಹಲವು ವಾರ ಬಳಸಬಹುದು.

ಬಿಸಿಲಿಗೆ ಹೋದರೆ ತಲೆ ಸುತ್ತುತ್ತದೆ. ಸುಟ್ಟದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಕಸಿ ಮಾಡಿದ ಚರ್ಮದಲ್ಲಿ ಬೆವರು ಗ್ರಂಥಿಗಳಿಲ್ಲ. ಅಷ್ಟು ಜಾಗ ಬೆವರದೆ ಉಳಿದಾಗ ಉಳಿದ ಮೈ ಹೆಚ್ಚು ಬೆವರುತ್ತದೆ. ನನ್ನ ಕೈಗಳು ಒಣಗಿದ ಹಲಗೆಯಂತಿರುವಾಗ ಬೆನ್ನಿನಿಂದ ನೀರು ಸುರಿಯುತ್ತಿರುತ್ತದೆ. ಮಾರ್ಚಿಯಿಂದ ಮೇ ತನಕ ಹನ್ನೊಂದರಿಂದ ನಾಲ್ಕರವರೆಗೆ ಹೊಲಕ್ಕೆ ಹೋಗಬೇಡಿ, ಮಜ್ಜಿಗೆ ನೀರು ಕುಡಿಯುತ್ತಿರಿ, ಒದ್ದೆ ಟವೆಲ್ ಹೆಗಲ ಮೇಲಿರಲಿ. ಹೊಸ ಕಲೆಗೆ ಬಿಸಿಲು ಬಿದ್ದರೆ ಅದು ಕಪ್ಪಾಗಿ ಹಾಗೇ ಉಳಿಯುತ್ತದೆ. ತುಂಬುತೋಳಿನ ಅಂಗಿ, ತಲೆಗೆ ರುಮಾಲು ಅಗ್ಗದ ರಕ್ಷಣೆ. ಮುಖಕ್ಕೆ ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್.

ಕಲೆ ಪೂರ್ತಿ ಹೋಗುವ ಕ್ರೀಮ್ ಯಾವುದು?

ಅಂಥದ್ದು ಇಲ್ಲ. ಇದೆ ಎಂದು ಮಾರುವವರಿಗೆ ದುಡ್ಡು ಕೊಡಬೇಡಿ.

ಹೋಳಿ ಆಡಬಹುದೇ?

ಗಾಯ ಮುಚ್ಚಿ ಎರಡು ವರ್ಷ ಆಗುವವರೆಗೆ ಬಣ್ಣದಿಂದ ದೂರವಿರಿ. ಹುಬ್ಬಳ್ಳಿಯ ರಂಗಪಂಚಮಿಯ ದಿನ ಹೊರಗೆ ಹೋಗಲೇಬೇಕಾದರೆ ಎಣ್ಣೆ ಹಚ್ಚಿ, ತುಂಬುತೋಳು ತೊಟ್ಟು ಹೋಗಿ.

## ಕೈ, ಕತ್ತು, ಕೆಲಸ

ಬೆರಳು ಮಡಚಲು ಬರುವುದಿಲ್ಲ. ಮತ್ತೆ ರೊಟ್ಟಿ ಬಡಿಯಲು ಆಗುತ್ತದೆಯೇ ಅಣ್ಣಾ?

ಗದಗದ ಅಕ್ಕನೊಬ್ಬಳು ಕೇಳಿದ್ದು ಇದು. ಅವಳಿಗೆ ಬರೆದ ಉತ್ತರವನ್ನೇ ವಿಸ್ತರಿಸಿ ಕೊಡುತ್ತೇನೆ.

ನೋವಾಗದ ಭಂಗಿಯೇ ಕೆಟ್ಟ ಭಂಗಿ ಎಂದು ಫಿಸಿಯೋಥೆರಪಿಯ ಮೇಡಂ ನನಗೆ ಹೇಳಿಕೊಟ್ಟರು. ಸುಟ್ಟ ಕೈಯನ್ನು ಎದೆಗೊತ್ತಿ ಮಡಚಿಟ್ಟುಕೊಂಡರೆ ಹಾಯೆನಿಸುತ್ತದೆ, ಆದರೆ ಚರ್ಮ ಅದೇ ಅಳತೆಗೆ ಕುಗ್ಗಿ ಕೂರುತ್ತದೆ. ಆದ್ದರಿಂದ ರಾತ್ರಿ ಸ್ಪ್ಲಿಂಟ್ ಎಂಬ ಆಸರೆಪಟ್ಟಿ ಕಟ್ಟಿ ಕೈಯನ್ನು ಸರಿಯಾದ ಭಂಗಿಯಲ್ಲಿ ಮಲಗಿಸಬೇಕು, ಹಗಲು ವ್ಯಾಯಾಮ ಮಾಡಬೇಕು.

ವ್ಯಾಯಾಮದ ಗುಟ್ಟು ಒಂದು ಬಣ್ಣದಲ್ಲಿದೆ. ಮೊದಲು ಎಣ್ಣೆ ತಿಕ್ಕಿ ಕಲೆಯನ್ನು ಬೆಚ್ಚಗೆ, ಮೆತ್ತಗೆ ಮಾಡಿ. ಆಮೇಲೆ ಬೆರಳನ್ನು ನಿಧಾನವಾಗಿ ಚಾಚುತ್ತ ಹೋಗಿ. ಕೆಂಪು ಕಲೆ ಒಂದು ಹಂತದಲ್ಲಿ ಬಿಳಿಚಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿ, ಮೂವತ್ತರವರೆಗೆ ಎಣಿಸಿ, ಬಿಡಿ. ಬಿಳಿಚುವ ಮುನ್ನ ನಿಲ್ಲಿಸಿದರೆ ಫಲವಿಲ್ಲ. ಜೋರಾಗಿ ಹಿಸುಕಿದರೆ ಚರ್ಮ ಹರಿಯುತ್ತದೆ. ಒಮ್ಮೆಗೆ ಒಂದು ತಾಸು ಮಾಡುವುದಕ್ಕಿಂತ ದಿನಕ್ಕೆ ಐದಾರು ಸಲ ಹತ್ತು ಹತ್ತು ನಿಮಿಷ ಮಾಡುವುದು ಮೇಲು.

ರೊಟ್ಟಿಯ ವಿಷಯಕ್ಕೆ ಬಂದರೆ, ಜೋಳದ ಹಿಟ್ಟು ನಾದುವುದಕ್ಕಿಂತ ಒಳ್ಳೆಯ ವ್ಯಾಯಾಮ ನಾನು ಕಂಡಿಲ್ಲ. ಅಂಗೈಯ ಬುಡದಿಂದ ಒತ್ತಿ ನೂಕುವಾಗ ಮಣಿಕಟ್ಟು ಬಾಗುತ್ತದೆ, ಬಡಿಯುವಾಗ ಬೆರಳೆಲ್ಲ ಅಗಲವಾಗಿ ಚಾಚುತ್ತವೆ. ನಾನೇ ಅವ್ವನ ಪಕ್ಕದಲ್ಲಿ ಕುಳಿತು ಆರು ತಿಂಗಳು ಹಿಟ್ಟು ನಾದಿದೆ. ಒಂದು ಎಚ್ಚರಿಕೆ: ನಾವು ಹಿಟ್ಟಿಗೆ ಕುದಿಯುವ ಎಸರು ಸುರಿಯುತ್ತೇವೆ. ಕಸಿ ಚರ್ಮಕ್ಕೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಸುಟ್ಟ ಮೇಲೆಯೇ ತಿಳಿಯುವುದು. ಹಿಟ್ಟು ಆರಿದೆಯೇ ಎಂದು ಸುಡದಿರುವ ಕೈಯಿಂದ, ಇಲ್ಲವೇ ಬೇರೆಯವರಿಂದ ಮುಟ್ಟಿ ನೋಡಿಸಿ. ಹೆಂಚಿನ ಮೇಲೆ ರೊಟ್ಟಿ ತಿರುವುವುದನ್ನು ಸದ್ಯಕ್ಕೆ ಬೇರೆಯವರಿಗೆ ಬಿಡಿ.

ಆ ಅಕ್ಕ ಒಂಬತ್ತು ತಿಂಗಳ ಮೇಲೆ ಪತ್ರ ಬರೆದಳು. ರೊಟ್ಟಿ ಮೊದಲಿನಷ್ಟು ತೆಳ್ಳಗಾಗುವುದಿಲ್ಲವಂತೆ, ಅಂಚು ಸೀಳುತ್ತದಂತೆ, ಆದರೆ ದಿನಕ್ಕೆ ಹನ್ನೆರಡು ಬಡಿಯುತ್ತಾಳಂತೆ.

ತಲೆದಿಂಬು ಯಾಕೆ ಬೇಡ ಅನ್ನುತ್ತಾರೆ?

ಕತ್ತಿನ ಮುಂಭಾಗ ಸುಟ್ಟವರಿಗೆ ಮಾತ್ರ ಈ ಮಾತು. ದಿಂಬು ಗದ್ದವನ್ನು ಎದೆಯ ಕಡೆ ಬಾಗಿಸುತ್ತದೆ, ಚರ್ಮ ಹಾಗೇ ಅಂಟಿ ಕುಗ್ಗುತ್ತದೆ. ದಿಂಬು ತೆಗೆದು, ಹೆಗಲ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಮಲಗಿದರೆ ಕತ್ತು ಹಿಂದಕ್ಕೆ ಬಾಗಿರುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಮಾಡಬಹುದೇ?

ನಾನು ಎರಡು ತಿಂಗಳು ಮಾಡಿ ಬಿಟ್ಟೆ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ನಿಜ, ಆದರೆ ಮಾರುಕಟ್ಟೆಯ ದೂಳು ಕಲೆಯ ಬಿರುಕಿಗೆ ಇಳಿದರೆ ಆ ಕಡಿಮೆ ಖಾರವೇ ಸಾಕು. ತೊಟ್ಟು ಬಿಡಿಸುವ, ಚೀಲ ತುಂಬುವ ಕೆಲಸ ಎರಡು ವರ್ಷ ಬೇಡ. ಲೆಕ್ಕ ಬರೆಯುವ ಕೆಲಸವಾದರೆ ಮುಚ್ಚಿದ ಕೋಣೆ ಕೇಳಿ. ಖಾರ ತಗುಲಿದರೆ ಬರೀ ನೀರಿಗೆ ಹೋಗದು, ಅದು ಎಣ್ಣೆಯಲ್ಲಿ ಕರಗುವಂಥದ್ದು. ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನಿನಿಂದ ತೊಳೆಯಿರಿ.

ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಬರುತ್ತಿಲ್ಲ. ಏನು ಮಾಡಲಿ?

ಬೆರಳಿನ ಗೆರೆ ಸುಟ್ಟವರನ್ನು ಎಲ್ಲ ಕಚೇರಿಯಲ್ಲೂ ಕಾಡುವ ತೊಂದರೆ ಇದು. ಬೆರಳ ತುದಿಗೆ ಆಳದ ಗಾಯವಾಗಿರದಿದ್ದರೆ ಗೆರೆ ಮರಳುತ್ತದೆ, ಆಗ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿ. ಮರಳದಿದ್ದರೆ ಕಣ್ಣಿನ ಪಾಪೆಯ ಗುರುತು, ಮುಖದ ಗುರುತು ಆಧಾರ್‌ನಲ್ಲಿ ಇದ್ದೇ ಇವೆ. ಮುಖವೂ ಸುಟ್ಟಿದ್ದರೆ ಈಗಿನ ಮುಖದ ಫೋಟೋವನ್ನು ಆಧಾರ್‌ಗೆ ಸೇರಿಸಿಕೊಳ್ಳಿ. ಪಡಿತರ ಚೀಟಿಯಲ್ಲಿ ಹೆಸರಿರುವ ಮನೆಯ ಬೇರೊಬ್ಬರು ಹೆಬ್ಬೆಟ್ಟು ಕೊಟ್ಟರೂ ನಡೆಯುತ್ತದೆ. ಒಂಟಿಯಾಗಿರುವವರು ವೈದ್ಯರ ಪತ್ರದೊಂದಿಗೆ ತಾಲ್ಲೂಕಿನ ಆಹಾರ ಶಾಖೆಗೆ ಅರ್ಜಿ ಕೊಡಿ.

## ಮನಸ್ಸು ಮತ್ತು ಮಂದಿ

ಗ್ಯಾಸ್ ಲೈಟರಿನ ಸದ್ದು ಕೇಳಿದರೆ ಮೈ ನಡುಗುತ್ತದೆ. ಹುಚ್ಚು ಹಿಡಿಯುತ್ತಿದೆಯೇ?

ಇಲ್ಲ. ಬೆಂಕಿ ಕಂಡ ಮೈ ತನ್ನನ್ನು ಕಾಯ್ದುಕೊಳ್ಳುತ್ತಿದೆ, ಅಪಾಯ ಕಳೆದದ್ದು ಅದಕ್ಕೆ ಇನ್ನೂ ತಿಳಿದಿಲ್ಲ. ನನಗೆ ಸೀರೆ ಕೊಡವುವ ಸದ್ದು ಕೇಳಿದರೆ ಆಗುತ್ತಿತ್ತು. ಹೆಂಡತಿ ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ನಾನು ಒಳಗೆ ಗೋಡೆಗೆ ಆತು ಕುಳಿತುಬಿಡುತ್ತಿದ್ದೆ. ಕನಸಿನಲ್ಲಿ ಪ್ರತಿ ರಾತ್ರಿ ಬೋಟು, ಎದ್ದರೆ ಡೀಸೆಲ್ ವಾಸನೆ. ಎರಡು ವರ್ಷ ಯಾರಿಗೂ ಹೇಳಲಿಲ್ಲ.

ಇದಕ್ಕೆ ಚಿಕಿತ್ಸೆ ಇದೆ, ಫಲವೂ ಇದೆ. ನಾನು ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆ. ಅಲ್ಲಿನ ಆಪ್ತ ಸಮಾಲೋಚಕರು ನನ್ನನ್ನು ಮೊದಲು ಆರಿದ ಒಲೆಯ ಮುಂದೆ ಕೂರಲು ಹೇಳಿದರು, ಹಲವು ದಿನಗಳ ಮೇಲೆ ದೀಪದ ಮುಂದೆ, ಕೊನೆಗೆ ಉರಿಯುವ ಒಲೆಯ ಮುಂದೆ. ಒಂದು ಮೆಟ್ಟಿಲು ಗಟ್ಟಿಯಾಗದೆ ಇನ್ನೊಂದಕ್ಕೆ ಹೋಗಲಿಲ್ಲ. ಅಷ್ಟು ದೂರ ಹೋಗಲಾಗದವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ, ಈ ಪುಟ ಪಕ್ಕಕ್ಕಿಟ್ಟು ಕರೆ ಮಾಡಿ.

ಬಸ್ಸಿನಲ್ಲಿ ಜನ ದಿಟ್ಟಿಸುತ್ತಾರೆ, ಮಕ್ಕಳು ಹೆದರಿ ಅಳುತ್ತವೆ. ಹೇಗೆ ಸಹಿಸುತ್ತೀರಿ?

ಮಕ್ಕಳ ವಿಷಯ ಬೇರೆ, ದೊಡ್ಡವರ ವಿಷಯ ಬೇರೆ. ಮಗು ಹೆದರುವುದು ತಿಳಿಯದೆ. "ಬೆಂಕಿ ತಾಗಿತ್ತು, ಈಗ ನೋವಿಲ್ಲ, ಮುಟ್ಟಿ ನೋಡುತ್ತೀಯಾ?" ಎಂದು ಕೈ ಚಾಚಿದರೆ ಹತ್ತರಲ್ಲಿ ಎಂಟು ಮಕ್ಕಳು ಮುಟ್ಟುತ್ತವೆ, ಆಮೇಲೆ ಮಡಿಲಿಗೇ ಬರುತ್ತವೆ. ತಾಯಂದಿರು ಮಗುವಿನ ಕಣ್ಣು ಮುಚ್ಚಿ ಎಳೆದುಕೊಂಡು ಹೋಗಬಾರದು, ಅದರಿಂದಲೇ ಹೆದರಿಕೆ ಬೇರೂರುತ್ತದೆ.

ದೊಡ್ಡವರಿಗೆ ಒಂದು ಸಾಲಿನ ಉತ್ತರ ಸಿದ್ಧವಿಟ್ಟುಕೊಳ್ಳಿ. ನನ್ನದು, "ಬೋಟಿನಲ್ಲಿ ಬೆಂಕಿ ಬಿದ್ದಿತ್ತು, ಬದುಕಿ ಬಂದೆ." ಅದಕ್ಕಿಂತ ಹೆಚ್ಚು ಹೇಳುವ ಋಣ ಯಾರಿಗೂ ಇಲ್ಲ. ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಇನ್ನೂ ಕ್ರೂರವಾಗಿ ಎದುರಾಗುತ್ತದೆ. ಗಂಡನೇ ಸುಟ್ಟನೇ, ತಾನೇ ಸುಟ್ಟುಕೊಂಡಳೇ ಎಂದು ಮುಖದೆದುರೇ ಕೇಳುತ್ತಾರೆ. ಕೇಳುವವರಿಗೆ ನನ್ನ ವಿನಂತಿ: ಕೇಳಬೇಡಿ. ನೀರು ಬೇಕೇ, ಕೂರಲು ಜಾಗ ಬೇಕೇ ಎಂದು ಕೇಳಿ.

ಮದುವೆಯಾಗಬಹುದೇ? ಹುಟ್ಟುವ ಮಗುವಿಗೂ ಕಲೆ ಬರುತ್ತದೆಯೇ?

ಆಗಬಹುದು, ಮಗುವಿಗೆ ಖಂಡಿತ ಬರುವುದಿಲ್ಲ. ಹೊಟ್ಟೆಯ ಚರ್ಮ ಸುಟ್ಟ ಹೆಣ್ಣುಮಕ್ಕಳು ಗರ್ಭಿಣಿಯಾದಾಗ ಚರ್ಮ ಹಿಗ್ಗುವುದು ಕಷ್ಟವಾಗಬಹುದು. ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ತಿಳಿಸಿ.

## ಹಣ, ಕಾಗದ

ಬೋಟಿನ ಮಾಲೀಕರು ಆಸ್ಪತ್ರೆಯ ಬಿಲ್ ಕಟ್ಟಿದ್ದಾರೆ. ಇನ್ನೂ ಪರಿಹಾರ ಕೇಳುವುದು ತಪ್ಪಲ್ಲವೇ?

ತಪ್ಪಲ್ಲ. ನನ್ನ ಪ್ರಕರಣ ನಡೆದದ್ದು 1923ರ ನೌಕರರ ಪರಿಹಾರ ಕಾಯ್ದೆಯ ಕೆಳಗೆ. ಅದರಲ್ಲಿ ಚಿಕಿತ್ಸೆಯ ಖರ್ಚು ಬೇರೆ, ದುಡಿಯುವ ಶಕ್ತಿ ಕಳೆದುಕೊಂಡದ್ದಕ್ಕೆ ಪರಿಹಾರ ಬೇರೆ. ಮಾಲೀಕರ ತಪ್ಪನ್ನು ಸಾಬೀತು ಮಾಡುವ ಹೊರೆಯೂ ಕಾರ್ಮಿಕನ ಮೇಲಿರಲಿಲ್ಲ. ಕೆಲಸದ ವೇಳೆ, ಕೆಲಸದಿಂದಾದ ಅಪಘಾತ ಎಂದು ತೋರಿಸಿದರೆ ಸಾಕಿತ್ತು. ಅರ್ಜಿಗೆ ಎರಡು ವರ್ಷದ ಗಡುವಿತ್ತು. ನಾನು ಮುಲಾಜಿಗೆ ಬಿದ್ದು ಇಪ್ಪತ್ತೊಂದು ತಿಂಗಳು ಸುಮ್ಮನಿದ್ದೆ, ಗಡುವು ತಪ್ಪುವುದರಲ್ಲಿತ್ತು. ಕಾನೂನುಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಮೊದಲ ತಿಂಗಳಲ್ಲೇ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ; ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ದೂರವಾಣಿ 15100. ಅರ್ಹರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯ ದಾಖಲೆ, ಕೂಲಿ ಪಡೆದದ್ದಕ್ಕೆ ಸಾಕ್ಷಿ, ಬೋಟಿನಲ್ಲಿ ಜೊತೆಗೆ ದುಡಿಯುತ್ತಿದ್ದ ಕಲಾಸಿಗಳ ಫೋನ್ ನಂಬರ್ ಇವನ್ನು ಜೋಪಾನ ಮಾಡಿ. ಖಾಲಿ ಬಾಂಡ್ ಕಾಗದಕ್ಕೆ ಸಹಿ ಹಾಕಬೇಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಮುಂದಿನ ಶಸ್ತ್ರಚಿಕಿತ್ಸೆಗಳಿಗೂ ಅನ್ವಯಿಸುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಮಾಹಿತಿ ಕೊಡುವ ಆರೋಗ್ಯ ಮಿತ್ರರನ್ನು ಕೇಳಿ.

ನಮಗೆ ಅಂಗವಿಕಲರ ಕಾರ್ಡ್ ಸಿಗುತ್ತದೆಯೇ?

ಸಿಗಬಹುದು, ಆದರೆ ಕಲೆಗಾಗಿ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಸಿಡ್ ದಾಳಿಗೆ ಗುರಿಯಾದವರನ್ನು ಹೆಸರಿಸಿ ಸೇರಿಸಿದೆ, ಬೆಂಕಿಯಲ್ಲಿ ಸುಟ್ಟವರನ್ನು ಹಾಗೆ ಹೆಸರಿಸಿಲ್ಲ. ನಮ್ಮನ್ನು ಅಳೆಯುವುದು ಕೈಕಾಲಿನ ಚಲನೆಯಿಂದ: ಮೊಣಕೈ ಎಷ್ಟು ಮಡಚುತ್ತದೆ, ಮುಷ್ಟಿ ಕಟ್ಟಲು ಬರುತ್ತದೆಯೇ ಎಂದು. ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40 ಇರಬೇಕು. ಮುಖ ಪೂರ್ತಿ ಸುಟ್ಟು, ಕೈಕಾಲು ಚೆನ್ನಾಗಿರುವ ಹೆಣ್ಣುಮಗಳಿಗೆ ಎಲ್ಲಿಯೂ ಕೆಲಸ ಸಿಗದಿದ್ದರೂ ಈ ಅಳತೆಗೆ ಅವಳು ಕಾಣುವುದಿಲ್ಲ. ಇದು ನನಗೆ ಅನ್ಯಾಯವೆನಿಸುತ್ತದೆ. ಚಿಕಿತ್ಸೆ ಒಂದು ಹದಕ್ಕೆ ಬಂದ ಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹೋಗಿ, ಯುಡಿಐಡಿ ಎಂಬ ಈ ಕಾರ್ಡಿನ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬಹುದು.

## ವರ್ಷಗಳು ಕಳೆದ ಮೇಲೆ

ಚರ್ಮ ಜಗ್ಗಿ ಕತ್ತು ಅಂಟಿಕೊಂಡಿದೆ. ಆಪರೇಷನ್ ಯಾವಾಗ ಮಾಡಿಸಬೇಕು?

ಸಾಮಾನ್ಯವಾಗಿ ಕಲೆ ಹಣ್ಣಾಗುವವರೆಗೆ ಕಾಯುತ್ತಾರೆ. ಹಸಿ ಕಲೆಯನ್ನು ಕೊಯ್ದರೆ ಅದು ಮತ್ತೆ ಉಬ್ಬಿ ಜಗ್ಗುವ ಸಂಭವ ಹೆಚ್ಚು. ಕಾಯಬಾರದ ಸಂದರ್ಭಗಳೂ ಇವೆ: ಕಣ್ಣಿನ ರೆಪ್ಪೆ ಮುಚ್ಚದಿದ್ದರೆ ಕಣ್ಣೇ ಹೋಗುತ್ತದೆ, ಬಾಯಿ ತೆರೆಯದಿದ್ದರೆ ಊಟವಿಲ್ಲ, ಬೆಳೆಯುವ ಮಕ್ಕಳಲ್ಲಿ ಕಲೆ ಮೈಯ ಜೊತೆಗೆ ಬೆಳೆಯುವುದಿಲ್ಲ. ಇಂಥವರು ಕೂಡಲೇ ಪ್ಲಾಸ್ಟಿಕ್ ಸರ್ಜನ್ ಅವರನ್ನು ಕಾಣಬೇಕು.

ಸಣ್ಣ ಪಟ್ಟಿಯಾದರೆ ಇಂಗ್ಲಿಷಿನ ಝಡ್ ಅಕ್ಷರದ ಆಕಾರದಲ್ಲಿ ಕೊಯ್ದು, ಎರಡು ತುಂಡುಗಳನ್ನು ಅದಲುಬದಲು ಕೂರಿಸಿ ಹೊಲಿಯುತ್ತಾರೆ, ಉದ್ದ ಸಿಗುತ್ತದೆ. ದೊಡ್ಡದಾದರೆ ಪೂರ್ತಿ ಬಿಡಿಸಿ ತೊಡೆಯಿಂದಲೋ ಬೇರೆಡೆಯಿಂದಲೋ ಚರ್ಮ ತಂದು ಹಾಕುತ್ತಾರೆ. ನನ್ನ ಕತ್ತಿಗೆ 2017ರಲ್ಲಿ ಹೀಗೆ ಮಾಡಿದರು. ಆ ಮೇಲೆ ಮೊದಲಿಂದ ಎಲ್ಲವೂ ಮತ್ತೆ: ಕತ್ತಿನ ಪಟ್ಟಿ, ಎಣ್ಣೆ, ವ್ಯಾಯಾಮ, ದಿಂಬಿಲ್ಲದ ರಾತ್ರಿಗಳು. ಆಪರೇಷನ್ ಆಯಿತೆಂದು ಇವನ್ನು ಬಿಟ್ಟರೆ ಆರು ತಿಂಗಳಿಗೆ ಕತ್ತು ಮೊದಲಿದ್ದಲ್ಲಿಗೇ ಬರುತ್ತದೆ. ಈ ಸಲ ನಾನು ಏಪ್ರಿಲ್‌ನಲ್ಲೂ ಬಿಚ್ಚಲಿಲ್ಲ. ಈಗ ತಲೆಯೆತ್ತಿ ತೆಂಗಿನ ಗೊನೆ ನೋಡಬಲ್ಲೆ.

ತಂದೆಯವರಿಗೆ ಇಪ್ಪತ್ತೈದು ವರ್ಷದ ಹಿಂದೆ ಸುಟ್ಟಿತ್ತು. ಈಗ ಅದೇ ಕಲೆಯಲ್ಲಿ ಹುಣ್ಣಾಗಿದೆ, ಮಾಯುತ್ತಿಲ್ಲ. ಮುಲಾಮು ಸಾಕೇ?

ಸಾಲದು, ಈ ವಾರವೇ ತೋರಿಸಿ. ಹಳೆಯ ಸುಟ್ಟ ಕಲೆಯಲ್ಲಿ, ಅದರಲ್ಲೂ ಕಸಿ ಮಾಡದೆ ತಾನಾಗಿ ಮಾಯಲು ಬಿಟ್ಟ ಮತ್ತು ಪದೇ ಪದೇ ಒಡೆಯುವ ಕಲೆಯಲ್ಲಿ, ಎಷ್ಟೋ ವರ್ಷಗಳ ಮೇಲೆ ಚರ್ಮದ ಕ್ಯಾನ್ಸರ್ ಹುಟ್ಟುವುದುಂಟು. ಮಾರ್ಜೋಲಿನ್ ಹುಣ್ಣು ಎಂದು ಅದರ ಹೆಸರು. 1828ರಲ್ಲಿ ಇಂಥ ಹುಣ್ಣುಗಳನ್ನು ವಿವರಿಸಿದ ಫ್ರಾನ್ಸಿನ ಶಸ್ತ್ರವೈದ್ಯನಿಂದ ಬಂದದ್ದು. ಎಲ್ಲರಿಗೂ ಬರುವುದಿಲ್ಲ, ಅಪರೂಪ. ಬಂದರೆ ಸಾಮಾನ್ಯವಾಗಿ ದಶಕಗಳೇ ಕಳೆದಿರುತ್ತವೆ, ಹೀಗಾಗಿ ಬೆಂಕಿಯ ನೆನಪಿಗೂ ಹುಣ್ಣಿಗೂ ನಂಟು ಹಚ್ಚುವವರಿಲ್ಲ.

ಒಂದೂವರೆ ತಿಂಗಳಾದರೂ ಮಾಯದ ಗಾಯ, ಅಂಚು ಗಟ್ಟಿಯಾಗಿ ಮೇಲೆದ್ದ ಹುಣ್ಣು, ಕೆಟ್ಟ ವಾಸನೆ, ಮುಟ್ಟಿದರೆ ರಕ್ತ, ಇವುಗಳಲ್ಲಿ ಒಂದು ಕಂಡರೂ ಸಣ್ಣ ಚೂರು ತೆಗೆದು ಪರೀಕ್ಷಿಸಲು ಕೇಳಿ. ಬೇಗ ಸಿಕ್ಕರೆ ಕೊಯ್ದು ತೆಗೆದು ಗುಣಪಡಿಸುತ್ತಾರೆ. ಊರಿನಲ್ಲಿ ಡ್ರೆಸ್ಸಿಂಗ್ ಮಾಡಿಸುತ್ತ ತಿಂಗಳು ತಳ್ಳಬೇಡಿ.

ಕನ್ನಡಿಗೆ ಕಾಣದ ಜಾಗವನ್ನು ಮನೆಯವರಿಂದ ನೋಡಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಅಮಾವಾಸ್ಯೆಯನ್ನು ಗೊತ್ತು ಮಾಡಿದ್ದೇವೆ, ಮರೆಯುವುದಿಲ್ಲವೆಂದು. ಪೂಜೆ ಮುಗಿಸಿ ಹೆಂಡತಿ ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿ, ಕಾಲರ್ ಸರಿಸಿ, ಕಿವಿಯ ಹಿಂದಿನಿಂದ ಹೆಗಲವರೆಗೆ ಬೆರಳಾಡಿಸಿ ನೋಡುತ್ತಾಳೆ. ಆಮೇಲೆ ಎಣ್ಣೆ ಹಚ್ಚುತ್ತಾಳೆ.